ಸೋನಿಕ್ ಪೈನಿಂದ ಹಳೇ ಕೀಬೋರ್ಡ್ ನುಡಿಸೋದು ಹೇಗೆ?

ತೊಗರಿಬೀಟ್, ಕಲಬುರಗಿ:
ಸೋನಿಕ್ ಪೈ ಅನ್ನೋ ಸಂಗೀತದ ಸಾಫ್ಟ್‌ವೇರಲ್ಲಿ ಕೋಡ್ ಬರೆದು ಲ್ಯಾಪ್‌ಟಾಪ್‌ನಲ್ಲಿ ಸದ್ದು ಮಾಡೋದು ಬರುತ್ತದೆ. ಅದೇ ಕೋಡಿನಿಂದ ನಮ್ಮ ಭಜನಾ ಮೇಳದ ಕೀಬೋರ್ಡ್ ನುಡಿಸಬೇಕು. ಅದರ ಹಿಂಭಾಗದಲ್ಲಿ ಗುಂಡನೆಯ ಮಿಡಿ (ವಾದ್ಯಕ್ಕೆ ಸ್ವರದ ಸೂಚನೆ ಕಳಿಸೋ ವ್ಯವಸ್ಥೆ) ಪೋರ್ಟ್ ಎರಡಿವೆ, ಯುಎಸ್‌ಬಿ ಇಲ್ಲ. ಏನು ತಗೋಬೇಕು ಅಣ್ಣಾ?

ಕೋಟೆಬಾಸ್, ಬೀದರ್:
ಯುಎಸ್‌ಬಿ-ಮಿಡಿ ಕೇಬಲ್ ಸಾಕು. ಕೇಬಲಿನ ಔಟ್ ಕೀಬೋರ್ಡಿನ ಇನ್‌ಗೆ ಹೋಗಬೇಕು, ಆದರೆ ಕೆಲವು ಕೇಬಲಲ್ಲಿ ಬರೆದಿರೋದೇ ಉಲ್ಟಾ, ಸದ್ದು ಬರದಿದ್ದರೆ ಸುಮ್ನೆ ಅದಲುಬದಲು ಮಾಡಿ ನೋಡಿ. ಕೋಡಲ್ಲಿ 'ಪ್ಲೇ' ಬದಲು 'ಮಿಡಿ'. ಸೋನಿಕ್ ಪೈನ 2017ರ 3.0 ಆವೃತ್ತಿಯಿಂದ ಈ ಸೌಲಭ್ಯ ಇದೆ.

ಲೂಪ್‌ಹುಡುಗಿ, ಯಾದಗಿರಿ:
ಕೋಡಲ್ಲಿ ಚಾನೆಲ್ (ಮಿಡಿಯಲ್ಲಿ ಬೇರೆ ಬೇರೆ ವಾದ್ಯಕ್ಕಿರೋ ದಾರಿ) ಹೇಳದಿದ್ದರೆ ಎಲ್ಲಾ 16 ಚಾನೆಲ್‌ಗೂ ಸ್ವರ ಹೋಗುತ್ತದೆ. ಹತ್ತನೆಯದು ಸಾಮಾನ್ಯವಾಗಿ ಡ್ರಮ್ಮಿಗೆ, ಹಾಗಾಗಿ ಭಜನೆ ಮಧ್ಯೆ ಡಬಡಬ ಕೇಳಬಹುದು! 'ಚಾನೆಲ್: 1' ಅಂತ ಸೇರಿಸಿ. ಇನ್ನೊಂದು, ಮಿಡಿ ತಂತಿಯಲ್ಲಿ ಸದ್ದು ಹರಿಯಲ್ಲ, ಯಾವ ಸ್ವರ, ಎಷ್ಟು ಜೋರು ಅನ್ನೋ ಥರದ ಸೂಚನೆ ಮಾತ್ರ. ಮೈಕ್‌ಸೆಟ್ಟಿಗೆ ಕೀಬೋರ್ಡಿನಿಂದಲೇ ಬೇರೆ ವೈರ್ ಎಳೆಯಿರಿ.