ಲ್ಯಾಪ್‌ಟಾಪ್ ಓಡುತ್ತದೆ, ಚಾರ್ಜ್ ಮಾತ್ರ ಆಗುತ್ತಿಲ್ಲ: ರಿಪೇರಿಯವರಿಗೆ ಪ್ರಶ್ನೆ

ಪ್ರಶ್ನೆ (ಡೊಂಬಿವಲಿಯಿಂದ):
ಅಣ್ಣಾ, ನೀವು ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡ್ತೀರಿ ಅಂತ ಇಲ್ಲೇ ಗೊತ್ತಾಯಿತು, ಅದಕ್ಕೆ ಕೇಳುತ್ತಿದ್ದೇನೆ. ನಾನು ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಆದರೆ ಬ್ಯಾಟರಿ ಸೊನ್ನೆಯಿಂದ ಮೇಲೆ ಏಳುವುದೇ ಇಲ್ಲ. 'ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್' ಅಂತ ಬರುತ್ತದೆ. ಪ್ಲಗ್ ತೆಗೆದ ಕೂಡಲೇ ಆಫ್. ಈಗೀಗ ತುಂಬಾ ಸ್ಲೋ ಕೂಡ ಆಗಿದೆ. ಆನ್ ಮಾಡುವಾಗ ಅಡಾಪ್ಟರ್ ಬಗ್ಗೆ ಏನೋ ಇಂಗ್ಲಿಷ್ ಸಾಲು ಬರುತ್ತದೆ, ಎಫ್1 ಒತ್ತಿದರೆ ಮುಂದೆ ಹೋಗುತ್ತದೆ. ಹಳೇ ಚಾರ್ಜರ್ ಕೆಟ್ಟಿದ್ದಕ್ಕೆ ಮಳೆಗಾಲದ ಶುರುವಿನಲ್ಲಿ ಹೊಸದು ತಂದಿದ್ದೆವು, ಅದು ಕಂಪನಿಯದಲ್ಲ. ಸ್ಟೇಷನ್ ಹತ್ತಿರದ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು ಅಂದರು. ಬದಲಿಸಲಾ?

ಉತ್ತರ:
ಅಕ್ಕಾ, ಸದ್ಯಕ್ಕೆ ಬೇಡ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ಓಡುತ್ತಿದೆ ಅಂದರೆ ಗೋಡೆಯ ಸಾಕೆಟ್‌ನಿಂದ ಬೋರ್ಡ್‌ವರೆಗೆ ಕರೆಂಟ್ ಬರ್ತಾ ಇದೆ ಅಂತಾಯಿತು. ನೀವು ಹೇಳಿದ ಮೂರು ಮಾತು ಒಟ್ಟಿಗೆ ನೋಡಿ: ಚಾರ್ಜ್ ಇಲ್ಲ, ಸ್ಲೋ ಆಗಿದೆ, ಆನ್ ಮಾಡುವಾಗ ಅಡಾಪ್ಟರ್ ಬಗ್ಗೆ ಮೆಸೇಜ್. ಲ್ಯಾಪ್‌ಟಾಪ್‌ಗೆ ಅಡಾಪ್ಟರ್‌ನ, ಅಂದರೆ ಚಾರ್ಜರ್‌ನ, ಗುರುತು ಸಿಗದಿದ್ದರೆ ಹೀಗೇ ಆಗುತ್ತದೆ.

ಚಾರ್ಜರ್ ಪಿನ್‌ನ ಒಳಗೆ ನಟ್ಟನಡುವೆ ಒಂದು ತೆಳುವಾದ ಸೂಜಿ ಇದೆಯಾ ನೋಡಿ. ಡೆಲ್, ಎಚ್‌ಪಿಯ ದುಂಡು ಪಿನ್‌ಗಳಲ್ಲಿ ಅದು ಇರುತ್ತದೆ. ಕರೆಂಟ್ ಬರುವುದು ಆ ಸೂಜಿಯಿಂದಲ್ಲ. ನಾನು 65 ವ್ಯಾಟ್‌ನವನು ಅಥವಾ 90 ವ್ಯಾಟ್‌ನವನು ಅಂತ ಅಡಾಪ್ಟರ್ ಲ್ಯಾಪ್‌ಟಾಪ್‌ಗೆ ತಿಳಿಸುವುದು ಅದರ ಮೂಲಕ. ಆ ಮಾಹಿತಿ ಬರದಿದ್ದರೆ ಲ್ಯಾಪ್‌ಟಾಪ್ ಹುಷಾರಾಗುತ್ತದೆ, ಬ್ಯಾಟರಿ ತುಂಬುವುದನ್ನು ನಿಲ್ಲಿಸಿ ಪ್ರೊಸೆಸರ್‌ನ ವೇಗವನ್ನೂ ಇಳಿಸುತ್ತದೆ. ನಿಮ್ಮ ಸ್ಲೋ ಆಗುವುದಕ್ಕೂ ಅದೇ ಕಾರಣ ಇರಬೇಕು. ಅಗ್ಗದ ಡೂಪ್ಲಿಕೇಟ್‌ಗಳಲ್ಲಿ ಈ ಗುರುತು ಹೇಳುವ ಚಿಪ್ ಸರಿ ಇರುವುದಿಲ್ಲ. ಒರಿಜಿನಲ್‌ನಲ್ಲೂ ಇದು ಕೈಕೊಡುತ್ತದೆ, ಯಾಕೆಂದರೆ ಆ ಸೂಜಿಗೆ ಹೋಗುವ ವಯರ್ ತೀರಾ ತೆಳು, ಲೋಕಲ್ ರೈಲಿನಲ್ಲಿ ಬ್ಯಾಗಿನೊಳಗೆ ಮಡಚಿ ತುರುಕಿ ತುರುಕಿ ಪಿನ್ ಬುಡದಲ್ಲಿ ಅದೇ ಮೊದಲು ತುಂಡಾಗುತ್ತದೆ.

ಈಗ ಹೀಗೆ ಮಾಡಿ. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ನೋಡಿ. ಕೆಲವೊಮ್ಮೆ ಇಷ್ಟಕ್ಕೇ ಸರಿಹೋಗುತ್ತದೆ. ಆಗಲಿಲ್ಲ ಅಂದರೆ ಅದೇ ಕಂಪನಿಯ, ಅದೇ ಪಿನ್‌ನ, ಅಷ್ಟೇ ವ್ಯಾಟ್‌ನ ಒರಿಜಿನಲ್ ಚಾರ್ಜರ್ ಯಾರ ಹತ್ತಿರವಾದರೂ ಅರ್ಧ ಗಂಟೆಗೆ ಇಸ್ಕೊಳ್ಳಿ. ಮೆಸೇಜ್ ಹೋದರೆ ಬೋರ್ಡ್ ಚೆನ್ನಾಗಿದೆ. ಹೋಗಲಿಲ್ಲ ಅಂದರೆ ಆಮೇಲೆ ಪಿನ್ ಕೂರುವ ಜ್ಯಾಕ್ ನೋಡಬೇಕು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಅದರೊಳಗೆ ಹಸಿರು ಕಿಲುಬು ಕಟ್ಟುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಜ್ಯಾಕ್ ಬೇರೆ ವಯರಿನ ಮೇಲೆ ಇರುತ್ತದೆ, ಬೋರ್ಡ್ ಮುಟ್ಟದೆ ಅದನ್ನಷ್ಟೇ ಬದಲಿಸಬಹುದು. ಬೋರ್ಡ್‌ನ ಮಾತು ಕೊನೆಗೆ.

ಒಂದು ಮಾತ್ರ ಖಂಡಿತ ಮಾಡಬೇಡಿ, ವೋಲ್ಟ್ ಅಳೆಯುವ ಮಲ್ಟಿಮೀಟರ್‌ನ ಕಡ್ಡಿಯನ್ನು ಆ ಪಿನ್ ಒಳಗೆ ಹಾಕಬೇಡಿ. ಸೂಜಿಗೂ ಒಳಗಿನ ಗೋಡೆಗೂ ಒಟ್ಟಿಗೆ ತಾಗಿದರೆ 19.5 ವೋಲ್ಟ್ ನೇರ ಗುರುತಿನ ಲೈನಿಗೆ ಹೋಗಿ ಚಿಪ್ ಸುಡಬಹುದು.

ಪ್ರಶ್ನೆ (ಪುಣೆಯಿಂದ):
ನನ್ನದು ಟೈಪ್-ಸಿ. ಯಾವಾಗಲೂ 80ಕ್ಕೆ ನಿಲ್ಲುತ್ತದೆ. ಫೋನ್ ಚಾರ್ಜರ್ ಹಾಕಿದರೆ ಏರುವುದೇ ಇಲ್ಲ.

ಉತ್ತರ:
80ಕ್ಕೆ ನಿಲ್ಲುವುದು ಕೆಟ್ಟಿದ್ದಕ್ಕಲ್ಲ ಅನಿಸುತ್ತದೆ, ಬ್ಯಾಟರಿ ಬಾಳಿಕೆಗೆ ಅಂತ ಕಂಪನಿಯ ಆ್ಯಪ್‌ನಲ್ಲಿ ಮಿತಿ ಹಾಕಿರುತ್ತಾರೆ. ಲೆನೊವೊದಲ್ಲಿ ಅದಕ್ಕೆ 'ಕನ್ಸರ್ವೇಶನ್ ಮೋಡ್' ಅನ್ನುತ್ತಾರೆ. ದಿನವಿಡೀ ಪ್ಲಗ್ ಹಾಕಿಟ್ಟೇ ಕೆಲಸ ಮಾಡುವವರಾದರೆ ಅದು ಹಾಗೇ ಇರಲಿ. ಫೋನ್ ಚಾರ್ಜರ್ ಸುಮ್ನೆ 20-25 ವ್ಯಾಟ್ ಕೊಟ್ಟರೆ ಲ್ಯಾಪ್‌ಟಾಪ್ ಓಡುವುದಕ್ಕೇ ಅದು ಖರ್ಚಾಗುತ್ತದೆ. ಕೇಬಲ್ ಕೂಡ ನೋಡಿ, 60 ವ್ಯಾಟ್‌ಗಿಂತ ಜಾಸ್ತಿ ಬೇಕಾದರೆ 5 ಆ್ಯಂಪಿಯರ್ ಕೇಬಲ್ಲೇ ಬೇಕು.

ಪ್ರಶ್ನೆ (ಪನ್ವೇಲ್‌ನಿಂದ):
ಸರ್, ನನ್ನದು ಚಾರ್ಜ್ ಆಗ್ತದೆ, ಆದರೆ ಟಚ್‌ಪ್ಯಾಡ್ ಮೇಲೆ ಎದ್ದಿದೆ, ಕ್ಲಿಕ್ ಆಗುತ್ತಿಲ್ಲ. ಚಾರ್ಜಿಂಗ್‌ಗೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ:
ಇದೆ. ಈಗಲೇ ಚಾರ್ಜರ್ ತೆಗೆಯಿರಿ, ಲ್ಯಾಪ್‌ಟಾಪ್ ಆಫ್ ಮಾಡಿ. ಟಚ್‌ಪ್ಯಾಡ್ ಕೆಳಗೆ ಬ್ಯಾಟರಿ ಇದೆ, ಅದು ಉಬ್ಬಿರಬೇಕು. ಒಳಗೆ ಗ್ಯಾಸ್ ತುಂಬಿದ ಲಿಥಿಯಂ ಬ್ಯಾಟರಿಗೆ ತೂತಾದರೆ ಬೆಂಕಿ ಹತ್ತಿಕೊಳ್ಳಬಹುದು. ಟಚ್‌ಪ್ಯಾಡ್ ಒತ್ತಿ ಕೂರಿಸಲು ಹೋಗಬೇಡಿ, ನೀವೇ ಬಿಚ್ಚಬೇಡಿ, ದಯವಿಟ್ಟು ರಶ್‌ನ ಲೋಕಲ್‌ನಲ್ಲಿ ತರಬೇಡಿ. ಹಾಸಿಗೆ, ಪರದೆಗಳಿಂದ ದೂರ ಕಲ್ಲಿನ ನೆಲದ ಮೇಲಿಡಿ. ಮನೆ ಹತ್ತಿರದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಉಬ್ಬಿದ ಬ್ಯಾಟರಿ ಅಂತ ಮೊದಲೇ ಹೇಳಿ. ತೆಗೆದ ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕಬೇಡಿ, ಇ-ವೇಸ್ಟ್ ತೆಗೆದುಕೊಳ್ಳುವವರಿಗೇ ಕೊಡಿ.

ಡೊಂಬಿವಲಿಯಿಂದ ಮತ್ತೆ:
ಅಣ್ಣಾ, ಸೂಜಿ ಇದೆ. ಬಟನ್ ಒತ್ತಿ ಹಿಡಿದರೂ ಏನೂ ಆಗಲಿಲ್ಲ. ಆದರೆ ಮೇಲಿನ ಮನೆಯ ಹುಡುಗನ ಒರಿಜಿನಲ್ ಚಾರ್ಜರ್ ಹಾಕಿದೆವು, ಮೆಸೇಜ್ ಬರಲಿಲ್ಲ, ಚಾರ್ಜ್ ಏರುತ್ತಿದೆ! ಈಗ ಯಾವುದು ಕೊಳ್ಳಲಿ?

ಉತ್ತರ:
ಬಹಳ ಸಂತೋಷ ಅಕ್ಕಾ, ಬೋರ್ಡ್‌ನ ದುಡ್ಡು ಉಳಿಯಿತು. ಹಳೇ ಒರಿಜಿನಲ್ ಮೇಲಿನ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ. ವೋಲ್ಟ್ ಅಷ್ಟೇ ಇರಬೇಕು, ವ್ಯಾಟ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ಪರವಾಗಿಲ್ಲ, ಕಡಿಮೆ ಬೇಡ. ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು ಮತ್ತು ಆರ್ ಇಂದ ಶುರುವಾಗುವ ನೋಂದಣಿ ನಂಬರ್ ನೋಡಿ. ಬ್ಯಾಟರಿ ಬಹಳ ದಿನ ಸೊನ್ನೆಯಲ್ಲೇ ಇತ್ತಲ್ವಾ, ಅದು ಸ್ವಲ್ಪ ಸೊರಗಿರಬಹುದು, ಒಂದು ವಾರ ಬಳಸಿ ನೋಡಿ ಆಮೇಲೆ ಹೇಳಿ. ಅಂಗಡಿಗೆ ಲ್ಯಾಪ್‌ಟಾಪ್ ತೆಗೆದುಕೊಂಡೇ ಹೋಗಿ, ಅಲ್ಲೇ ಚಾರ್ಜರ್ ಹಾಕಿ ಆನ್ ಮಾಡಿ. ಆ ಮೆಸೇಜ್ ಬಾರದೆ, ಚಾರ್ಜ್ ಏರುವುದು ಕಂಡ ಮೇಲೆಯೇ ದುಡ್ಡು ಕೊಡಿ.