ರೂಟರ್ ಮಾರ್ಗಾನ "ಸಾರುತ್ತೆ" ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಡಿಪ್ಲೊಮಾ ಹುಡುಗರಿಗೆ ನೆಟ್‌ವರ್ಕಿಂಗ್ ಹೇಳಿಕೊಡ್ತೀನಿ, ನೋಟ್ಸ್ ಕನ್ನಡದಲ್ಲೇ ಬರೀತಿದೀನಿ, ಈಗ ಬಿಜಿಪಿ (ಇಂಟರ್‌ನೆಟ್ಟಿನ ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸಿಕೊಳ್ಳೋ ಪ್ರೋಟೋಕಾಲ್) ಪಾಠಕ್ಕೆ ಬಂದಿದೀನಿ, ಕೆಲವು ಪದಗಳ ಬಗ್ಗೆ ನಿಮ್ಮನ್ನ ಕೇಳಬೇಕು.

ಒಂದು ನೆಟ್‌ವರ್ಕಿನ ಅಂಚಲ್ಲಿರೋ ರೂಟರ್ ಪಕ್ಕದ ನೆಟ್‌ವರ್ಕಿನ ರೂಟರ್‌ಗೆ "ಈ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು" ಅಂತ ತಿಳಿಸುತ್ತಲ್ಲ, ಅದಕ್ಕೆ ಇಂಗ್ಲಿಷಲ್ಲಿ ಅಡ್ವರ್ಟೈಸ್ ಅಂತಾರೆ. "ಮಾರ್ಗವನ್ನು ಜಾಹೀರಾತು ಮಾಡು" ಅಂತ ಬರೆದ್ರೆ ನಂಗೆ ಒಗ್ಗಲ್ಲ, ಅಲ್ಲಿ ಯಾರೂ ಏನೂ ಮಾರ್ತಿಲ್ಲ. "ಘೋಷಿಸು" ಪರವಾಗಿಲ್ಲ ಆದ್ರೆ ಸರ್ಕಾರಿ ಆದೇಶದ ಗತ್ತು ಬರುತ್ತೆ. ನನ್ನ ಓಟು "ಸಾರು"ಗೆ. ಡಂಗುರ ಸಾರೋದು ಅಂತೀವಲ್ಲ, ಒಬ್ಬ ಸಾರಿದ್ದು ಬಾಯಿಂದ ಬಾಯಿಗೆ ಊರೆಲ್ಲ ಹೋಗುತ್ತೆ, ನಿಜವೋ ಸುಳ್ಳೋ ಅನ್ನೋದು ಬೇರೆ ಮಾತು. ಬಿಜಿಪಿಯಲ್ಲೂ ಹಾಗೇ, ಸಾರಿದ್ದು ನಿಜವಾ ಅಂತ ಪರೀಕ್ಷೆ ಮಾಡೋ ಏರ್ಪಾಡು ಮೂಲ ಪ್ರೋಟೋಕಾಲಲ್ಲಿ ಇಲ್ಲವೇ ಇಲ್ಲ. 2008ರ ಫೆಬ್ರವರಿ 24ಕ್ಕೆ ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯೋಕೆ ಹೋಗಿ ಯೂಟ್ಯೂಬಿನ 208.65.153.0/24 ಅನ್ನೋ ವಿಳಾಸಗಳ ಗುಂಪು ನನ್ನದು ಅಂತ ಸಾರಿಬಿಡ್ತು, ಅದಕ್ಕೆ ಸಂಪರ್ಕ ಕೊಡ್ತಿದ್ದ ಕಂಪನಿ ಹಾಗೇ ಮುಂದಕ್ಕೆ ದಾಟಿಸ್ತು, ಯೂಟ್ಯೂಬ್ ಸಾರಿದ್ದು ಅದಕ್ಕಿಂತ ದೊಡ್ಡ ಗುಂಪು, /22, ಚಿಕ್ಕದಾದ, ಹೆಚ್ಚು ನಿರ್ದಿಷ್ಟವಾದ ಗುಂಪಿಗೇ ರೂಟರ್‌ಗಳು ಮಣೆ ಹಾಕೋದ್ರಿಂದ ಯೂಟ್ಯೂಬಿಗೆ ಹೋಗೋ ಜಗತ್ತಿನ ಟ್ರಾಫಿಕ್ಕಲ್ಲಿ ಬಹುಪಾಲು ಪಾಕಿಸ್ತಾನದ ಕಡೆ ತಿರುಗಿತು. ಇಲ್ಲಿ "ತಪ್ಪಾಗಿ ಜಾಹೀರಾತು ಮಾಡಿತು" ಅಂದ್ರೆ ನಡೆದದ್ದರ ಗಾಂಭೀರ್ಯವೇ ಹೋಗುತ್ತೆ ಮಾರಾಯ್ರೆ.

ಸಾರಿದ ಮಾರ್ಗ ಇನ್ನು ಇಲ್ಲ ಅಂತ ತಿಳಿಸೋ ವಿತ್‌ಡ್ರಾಗೆ "ಹಿಂತೆಗೆ" ಅಂತ ಇಟ್ಟಿದೀನಿ. 2021ರ ಅಕ್ಟೋಬರ್ 4ಕ್ಕೆ ಫೇಸ್‌ಬುಕ್ ತನ್ನ ಡಿಎನ್‌ಎಸ್ ಸರ್ವರ್‌ಗಳ (ಸೈಟಿನ ಹೆಸರಿಗೆ ವಿಳಾಸ ಹೇಳೋ ಕಂಪ್ಯೂಟರ್‌ಗಳ) ಮಾರ್ಗ ಹಿಂತೆಗೆದುಕೊಂಡು ಸುಮಾರು ಆರು ಗಂಟೆ ಯಾರಿಗೂ ಸಿಗಲಿಲ್ಲ. ಸಾರು, ಹಿಂತೆಗೆ, ಜೋಡಿ ಚೆನ್ನಾಗಿ ಕೂರುತ್ತೆ.

ರೂಟ್, ಪಾತ್ ಎರಡಕ್ಕೂ "ಮಾರ್ಗ" ಅಂದ್ರೆ ಹುಡುಗರು ತಬ್ಬಿಬ್ಬಾಗ್ತಾರೆ. ಉದಾಹರಣೆಗೆ ರೂಟರ್ ಪಟ್ಟಿಯಲ್ಲಿ 192.0.2.0/24 ಎದುರಿಗೆ 64500 64501 64502 ಅಂತ ನೆಟ್‌ವರ್ಕ್‌ಗಳ ನಂಬರು ಇದೆ ಅಂದ್ಕೊಳ್ಳಿ. ಬಲತುದಿಯ 64502 ಆ ವಿಳಾಸಗಳನ್ನ ಮೊದಲು ಸಾರಿದ ನೆಟ್‌ವರ್ಕು, ದಾಟಿಸಿದ ಪ್ರತಿ ನೆಟ್‌ವರ್ಕೂ ತನ್ನ ನಂಬರನ್ನ ಎಡಕ್ಕೆ ಸೇರಿಸ್ತಾ ಬಂದಿದೆ, ಈ ಪಟ್ಟಿಯಲ್ಲಿ ತನ್ನದೇ ನಂಬರ್ ಕಂಡ್ರೆ ಸುತ್ತು ಹೊಡೀತಿದೆ ಅಂತ ರೂಟರ್ ಅದನ್ನ ಬಿಟ್ಟುಬಿಡುತ್ತೆ. ಈ ಪಟ್ಟಿಗೆ "ಹಾದಿ", ವಿಳಾಸವೂ ಹಾದಿಯೂ ಸೇರಿದ್ದಕ್ಕೆ "ಮಾರ್ಗ" ಅಂತ ಬೇರೆ ಮಾಡಿದೀನಿ. ಆದ್ರೆ ಹಲವು ಹಾದಿಗಳಲ್ಲಿ ರೂಟರ್ ಆರಿಸಿಕೊಳ್ಳೋ ಬೆಸ್ಟ್ ಪಾತ್‌ಗೆ "ಹತ್ತಿರದ ಹಾದಿ" ಅಂತ ದಯವಿಟ್ಟು ಯಾರೂ ಬರೀಬೇಡಿ, ಹಾದಿ ಎಷ್ಟು ಉದ್ದ ಅಂತ ನೋಡೋಕೆ ಮುಂಚೆ ಲೋಕಲ್ ಪ್ರಿಫರೆನ್ಸ್ ನೋಡ್ತಾರೆ, ಅಂದ್ರೆ ಯಾರಿಗೆ ದುಡ್ಡು ಕೊಡಬೇಕು ಯಾರಿಂದ ಬರುತ್ತೆ ಅನ್ನೋ ಲೆಕ್ಕದ ಮೇಲೆ ಆ ನೆಟ್‌ವರ್ಕಿನವರೇ ಇಟ್ಟಿರೋ ಅಂಕಿ. ತೀರ್ಥಹಳ್ಳಿಯಿಂದ ಉಡುಪಿಗೆ ಆಗುಂಬೆ ಘಾಟಿ ಹತ್ತಿರವೇ ಆದ್ರೂ ಮಳೆಗಾಲದಲ್ಲಿ ದೊಡ್ಡ ಲಾರಿಗಳು ಹುಲಿಕಲ್ ಘಾಟಿ ಸುತ್ತಿಕೊಂಡು ಹೋಗಲ್ವಾ, ಹಾಗೆ. "ಮೆಚ್ಚಿನ ಹಾದಿ" ಹೇಗೆ?

ನೇಬರ್‌ಗೆ "ನೆರೆ" ಸರಿಯಾದ ಪದವೇ, ಆದ್ರೆ ನಮ್ಮ ಕಡೆ ನೆರೆ ಬಂತು ಅಂದ್ರೆ ತುಂಗೆ ಉಕ್ಕಿದ್ದು, ಅದಕ್ಕೆ "ಪಕ್ಕದ ರೂಟರ್" ಅಂತಲೇ ಬರೆದೆ.

ಇನ್ನೂ ಸಿಗದೇ ಇರೋದು ಕೀಪ್‌ಅಲೈವ್. 19 ಬೈಟಿನ ಮೆಸೇಜು, ಒಳಗೆ ಎಂತ ಸುದ್ದಿಯೂ ಇಲ್ಲ, ಸಂಪರ್ಕ ಇನ್ನೂ ಇದೆ ಅಂತ ತಿಳಿಸೋಕಷ್ಟೇ. ಬಿಜಿಪಿಯ ನಿಯಮ ಬರೆದಿರೋ ಆರ್‌ಎಫ್‌ಸಿ 4271 ಸೂಚಿಸೋ 90 ಸೆಕೆಂಡ್ ಒಳಗೆ ಆ ಕಡೆಯಿಂದ ಇದೂ ಬರಲಿಲ್ಲ, ಮಾರ್ಗದ ಸುದ್ದಿ ತರೋ ಅಪ್‌ಡೇಟ್ ಮೆಸೇಜೂ ಬರಲಿಲ್ಲ ಅಂದ್ರೆ ಸಂಪರ್ಕ ಕಡೀತಾರೆ, ಅದರಿಂದ ಕಲಿತ ಮಾರ್ಗಗಳೂ ಹೋಗುತ್ವೆ. "ಜೀವಂತವಾಗಿಡು" ಬೇಡವೇ ಬೇಡ. "ಓಗೊಡು" ಚೆಂದದ ಪದ, ಆದ್ರೆ ಅದು ಯಾರಾದ್ರೂ ಕರೆದಾಗ ಕೊಡೋದು, ಇಲ್ಲಿ ಯಾರೂ ಕರೆಯಲ್ಲ, ಎರಡೂ ಕಡೆಯವರು ತಮ್ಮ ಪಾಡಿಗೆ ಕಳಿಸ್ತಾ ಇರ್ತಾರೆ. ಕರೆಯದೇ "ಇದ್ದೀನಿ" ಅನ್ನೋದಕ್ಕೆ ನಿಮ್ಮ ಊರ ಕಡೆ ಪದ ಇದ್ರೆ, ಅದನ್ನ ಯಾವಾಗ ಬಳಸ್ತಾರೆ ಅನ್ನೋದನ್ನೂ ಸೇರಿಸಿ ಬರೀರಿ.