ಪ್ರತಿಕಾಯ ಉತ್ಪಾದನೆಯ ‘ನಿಯಂತ್ರಣ’: ಈ ಪದ ಇಲ್ಲಿ ಹೊಂದುತ್ತದೆಯೆ?

ಮಾನ್ಯರೆ,

ರೋಗಾಣುಗಳನ್ನು ಹಿಡಿಯಲು ದೇಹವು ತಯಾರಿಸುವ ಪ್ರೋಟೀನುಗಳೇ ಪ್ರತಿಕಾಯಗಳು. ರೋಗರಕ್ಷಣಾ ವ್ಯವಸ್ಥೆಯನ್ನು ಕುರಿತ ಬರಹಗಳಲ್ಲಿ ‘ಪ್ರತಿಕಾಯ ಉತ್ಪಾದನೆಯ ನಿಯಂತ್ರಣ’ ಎಂಬ ಪ್ರಯೋಗ ಮೇಲಿಂದ ಮೇಲೆ ಕಾಣಿಸುತ್ತದೆ. ಇಂಗ್ಲಿಷಿನ ರೆಗ್ಯುಲೇಶನ್ ಎಂಬುದಕ್ಕೆ ಸಂವಾದಿಯಾಗಿ ಬಂದಿರುವ ಈ ಪದ ಇಲ್ಲಿ ಉದ್ದೇಶಿತ ಅರ್ಥವನ್ನು ಕೊಡುತ್ತದೆಯೇ ಎಂಬುದು ನನ್ನ ಪ್ರಶ್ನೆ. ಬೆಲೆ ನಿಯಂತ್ರಣ, ಕೀಟ ನಿಯಂತ್ರಣ ಎಂದಾಗಲೆಲ್ಲ ಕನ್ನಡದಲ್ಲಿ ಮೊದಲು ತೋರುವ ಅರ್ಥ ತಡೆಯುವುದು ಅಥವಾ ಮಿತಿಯಲ್ಲಿಡುವುದು. ಆದ್ದರಿಂದ ‘ಸೋಂಕು ತಗಲಿದಾಗ ದೇಹವು ಪ್ರತಿಕಾಯಗಳ ಉತ್ಪಾದನೆಯನ್ನು ನಿಯಂತ್ರಿಸುತ್ತದೆ’ ಎಂದು ಓದಿದವರು, ಬೇಕಾದ ಹೊತ್ತಿನಲ್ಲಿಯೇ ಅದನ್ನೇಕೆ ತಡೆಯುತ್ತದೆ ಎಂದು ಕೇಳಿದರೆ ತಪ್ಪು ಓದುಗರದಲ್ಲ.

ನಡೆಯುವುದಾದರೂ ಏನು? ಪ್ರತಿಕಾಯ ತಯಾರಿಕೆಯ ಹೊಣೆ ಹೊತ್ತ ಬಿಳಿ ರಕ್ತಕಣವಾದ ಬಿ ಕೋಶವು ತನ್ನ ಗ್ರಾಹಕಕ್ಕೆ (ಹೊರಮೈಯಲ್ಲಿದ್ದು ಸಂಕೇತ ಹಿಡಿಯುವ ಪ್ರೋಟೀನಿಗೆ) ಹೊಂದುವ ಪ್ರತಿಜನಕವನ್ನು (ಪ್ರತಿಕಾಯ ಹುಟ್ಟಲು ಕಾರಣವಾಗುವ ವಸ್ತುವನ್ನು) ಹಿಡಿದ ಮಾತ್ರಕ್ಕೆ ಕೆಲಸ ಪೂರ್ತಿಯಾಗುವುದಿಲ್ಲ. ಪ್ರತಿಜನಕವು ಪ್ರೋಟೀನಾಗಿದ್ದರೆ ಸಾಮಾನ್ಯವಾಗಿ ಸಹಾಯಕ ಟಿ ಕೋಶವೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣವೂ ಅದನ್ನು ಗುರುತಿಸಿ, ಬಿ ಕೋಶದ ಮೇಲಿನ ಸಿಡಿ40 ಎಂಬ ಗ್ರಾಹಕದ ಮೂಲಕ ಒಪ್ಪಿಗೆಯ ಸಂಕೇತವನ್ನು ಕೊಡಬೇಕು. ಈ ಸಂಕೇತವೇ ಇಲ್ಲದಂತೆ ಹುಟ್ಟಿದವರಲ್ಲಿ ಐಜಿಎಂ ಬಗೆಯ ಪ್ರತಿಕಾಯ ಸಾಕಷ್ಟು ಇದ್ದರೂ ಐಜಿಜಿ, ಐಜಿಎ ಬಗೆಯವು ತೀರ ಕಡಿಮೆಯಾಗಿರುತ್ತವೆ. ಒಪ್ಪಿಗೆ ಸಿಕ್ಕ ಬಿ ಕೋಶಗಳು ದುಗ್ಧಗ್ರಂಥಿಗಳಲ್ಲಿ ವೃದ್ಧಿಯಾಗುತ್ತ, ಪ್ರತಿಕಾಯದ ಜೀನಿನಲ್ಲಿ ಸಣ್ಣಪುಟ್ಟ ಮಾರ್ಪಾಡುಗಳನ್ನು ತಂದುಕೊಳ್ಳುತ್ತವೆ. ಅವುಗಳಲ್ಲಿ ಪ್ರತಿಜನಕಕ್ಕೆ ಹೆಚ್ಚು ಬಿಗಿಯಾಗಿ ಅಂಟುವವು ಉಳಿಯುತ್ತವೆ, ಮಿಕ್ಕವುಗಳಲ್ಲಿ ಬಹುಪಾಲು ಸಾಯುತ್ತವೆ. ಇಲ್ಲಿಯವರೆಗೆ ಆದದ್ದು ಅನುಮತಿ, ವೃದ್ಧಿ, ಆಯ್ಕೆ ಮತ್ತು (ಐಜಿಎಂನಿಂದ ಐಜಿಜಿ, ಐಜಿಎಗಳಿಗೆ) ಬಗೆಯ ಬದಲಾವಣೆ. ಇವುಗಳಲ್ಲಿ ಯಾವುದನ್ನೂ ಸಾಮಾನ್ಯ ಕನ್ನಡದಲ್ಲಿ ನಿಯಂತ್ರಣ ಎನ್ನುವುದಿಲ್ಲ.

ತಡೆಯುವ ಕೆಲಸ ಬರುವುದು ಆಮೇಲೆ. ಪ್ರತಿಜನಕ ಕಡಿಮೆಯಾದಂತೆ ಪ್ರಚೋದನೆಯೂ ಇಳಿಯುತ್ತದೆ. ಅಲ್ಲದೆ, ಈಗಾಗಲೇ ತಯಾರಾದ ಐಜಿಜಿಯು ಪ್ರತಿಜನಕದೊಡನೆ ಕೂಡಿಕೊಂಡು ಬಿ ಕೋಶದ ಮೇಲಿರುವ ಒಂದು ಪ್ರತಿಬಂಧಕ ಗ್ರಾಹಕಕ್ಕೆ ಅಂಟಿ, ಆ ಕೋಶವನ್ನು ಸುಮ್ಮನಾಗಿಸುತ್ತದೆ. ಎಂದರೆ ಉತ್ಪನ್ನವೇ ತನ್ನ ಉತ್ಪಾದನೆಗೆ ಮಿತಿ ಹಾಕುತ್ತದೆ. ಬಿ ಕೋಶಗಳಿಂದ ರೂಪುಗೊಂಡು ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳಲ್ಲಿ ಹೆಚ್ಚಿನವು ಅಲ್ಪಾಯುಷಿಗಳು; ಕೆಲವು ಮಾತ್ರ ಮೂಳೆಮಜ್ಜೆಯಲ್ಲಿ ನೆಲೆಸಿ ವರ್ಷಗಟ್ಟಲೆ ಕೆಲಸ ಮಾಡುತ್ತವೆ.

ಇದಕ್ಕೆ ಹೋಲಿಸಿದರೆ ‘ನಿಯಂತ್ರಕ ಟಿ ಕೋಶ’ ಎಂಬ ಹೆಸರಿಗೆ ನನ್ನ ತಕರಾರಿಲ್ಲ. ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿಕೊಟ್ಟ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೆ ಸಂದುದಕ್ಕೆ ಕಾರಣವಾದ ಈ ಕೋಶಗಳ ಮುಖ್ಯ ಕೆಲಸ, ದೇಹವು ತನ್ನ ಮೇಲೆಯೇ ತಿರುಗಿ ಬೀಳದಂತೆ ಇತರ ರೋಗರಕ್ಷಕ ಕೋಶಗಳನ್ನು ಅಂಕೆಯಲ್ಲಿಡುವುದು. ಅಲ್ಲಿ ನಿಯಂತ್ರಣ ನಿಜವಾಗಿಯೂ ನಿಯಂತ್ರಣವೇ. ಒಂದೇ ಮೂಲಪದಕ್ಕೆ ಎಲ್ಲ ಕಡೆಯೂ ಒಂದೇ ಸಂವಾದಿ ಇರಬೇಕೆಂಬ ಹಟವೇ ತೊಡಕಿನ ಮೂಲವೆಂದು ನನಗೆ ತೋರುತ್ತದೆ.

ಪರ್ಯಾಯಗಳ ವಿಚಾರ. ‘ಹತೋಟಿ’ಯಲ್ಲಿ ತಡೆಯ ಅರ್ಥ ಇನ್ನೂ ಗಟ್ಟಿಯಾಗಿದೆ. ‘ನಿರ್ವಹಣೆ’ ಕಚೇರಿಯ ಮಾತಾಯಿತು. ‘ನಿಯಮನ’ದಲ್ಲಿಯೂ ಬಿಗಿಹಿಡಿಯುವ ಅರ್ಥವಿದೆ, ಆದರೆ ಬಳಕೆ ಕಡಿಮೆಯಾದ್ದರಿಂದ ಓದುಗರ ಮನಸ್ಸಿನಲ್ಲಿ ಅದು ಅಷ್ಟು ಗಟ್ಟಿಯಾಗಿ ಕುಳಿತಿಲ್ಲ. ‘ಹದಗೊಳಿಸು’ ಎಂಬ ಕ್ರಿಯಾಪದದಲ್ಲಿ ಹೆಚ್ಚಿಸುವುದೂ ಇಳಿಸುವುದೂ ಎರಡೂ ಅಡಕವಾಗಿರುವುದರಿಂದ ನನ್ನ ಒಲವು ಅದರ ಕಡೆಗೆ. ತೊಗಲು ಹದಮಾಡುವುದು ಕೆಲವರಿಗೆ ನೆನಪಾದೀತು ಎಂಬುದು ನಿಜವಾದರೂ ಸಂದರ್ಭವು ಆ ಗೊಂದಲವನ್ನು ಬಿಡಿಸುತ್ತದೆ.

ವಾಕ್ಯದೊಳಗೆ ಆಯಾ ಹಂತಕ್ಕೆ ತಕ್ಕ ಕ್ರಿಯಾಪದವನ್ನೇ ಬಳಸಿ ಹೇಗೋ ದಾಟಬಹುದು. ಅಧ್ಯಾಯದ ತಲೆಬರಹಕ್ಕೆ ಮಾತ್ರ ನಾಮಪದ ಬೇಕೇಬೇಕು. ಅಲ್ಲಿ ‘ಪ್ರತಿಕಾಯ ಉತ್ಪಾದನೆಯ ಹದಗೊಳಿಕೆ’ ಎಂದರೆ ಕಿವಿಗೆ ಒಗ್ಗುತ್ತದೆಯೇ, ಇಲ್ಲವೇ ‘ನಿಯಮನ’ವನ್ನು ಏರಿಳಿತಗಳೆರಡಕ್ಕೂ ಸಲ್ಲುವಂತೆ ಶರೀರಶಾಸ್ತ್ರದ ಬರಹಗಳಲ್ಲಿ ಯಾರಾದರೂ ಬಳಸಿದ್ದಾರೆಯೇ? ಬಲ್ಲವರು ಪ್ರಯೋಗದ ಉದಾಹರಣೆಯೊಂದಿಗೆ ತಿಳಿಸಬೇಕಾಗಿ ವಿನಂತಿ.